ಕ್ರಾಫರ್ಡ್ ಅಂದ್ರೆ ಏನು?

ಪ್ರಶ್ನೆ: ನಮ್ಮ ಸಕಲೇಶಪುರದ ಆಸ್ಪತ್ರೆಗೆ ಕ್ರಾಫರ್ಡ್ ಅಂತ ಹೆಸರಿದೆಯಲ್ಲ, ಮೈಸೂರು ಯೂನಿವರ್ಸಿಟಿಯಲ್ಲೂ ಕ್ರಾಫರ್ಡ್ ಹಾಲ್ ಇದೆ, ಈ ಸರ್‌ನೇಮ್‌ಗೆ ಅರ್ಥ ಏನಾದ್ರೂ ಇದ್ಯಾ ಸಾರ್?
— ಓದುಗರು, ಸಕಲೇಶಪುರ

ಉತ್ತರ: ಖಂಡಿತಾ ಇದೆ, ಮತ್ತೆ ಬಹಳ ಚೆಂದದ ಅರ್ಥ. ಹಳೇ ಇಂಗ್ಲಿಷಲ್ಲಿ ಕ್ರಾವೆ ಅಂದ್ರೆ ಕಾಗೆ, ಫೋರ್ಡ್ ಅಂದ್ರೆ ಹೊಳೆಯಲ್ಲಿ ನೀರು ಕಡಿಮೆ ಇರೋ, ನಡ್ಕೊಂಡೇ ದಾಟಬಹುದಾದ ಜಾಗ, ಎರಡೂ ಸೇರಿ ಕಾಗೆಗಳಿರೋ ಕಡವು ಅಂತಾಯ್ತು. ಮೊದಲು ಇದು ಊರಿನ ಹೆಸರು, ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರ್‌ನಲ್ಲಿ ಕ್ಲೈಡ್ ನದಿ ಪಕ್ಕ ಆ ಹಳ್ಳಿ ಈಗಲೂ ಇದೆ, ಅಲ್ಲಿನವರಿಗೆ ಊರೇ ಮನೆತನದ ಹೆಸರಾಯ್ತು, ನಮ್ಮ ಹಾರನಹಳ್ಳಿ ರಾಮಸ್ವಾಮಿಯವರ ಹೆಸರಿನ ಮುಂದೆ ಊರು ಕೂತಿರೋ ಹಾಗೆ, ಆದ್ರೆ ಅವರಲ್ಲಿ ಊರು ಹೆಸರಿನ ಕೊನೆಗೆ ಬರುತ್ತೆ, ಊರು ಬಿಟ್ಟು ಹೋದ್ರೂ ಮಕ್ಕಳು ಮೊಮ್ಮಕ್ಕಳಿಗೆಲ್ಲ ಅದೇ ಉಳಿಯುತ್ತೆ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲೂ ಟ್ಯಾರಂಟ್ ಕ್ರಾಫರ್ಡ್ ಅಂತ ಒಂದು ಹಳ್ಳಿ ಇದೆ. ಹಳೇ ಕಾಗದಪತ್ರಗಳಲ್ಲಿ ಸ್ಪೆಲಿಂಗ್ ಬೇರೆ ಬೇರೆ ಥರ ಸಿಗುತ್ತೆ, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಆಕ್ಸ್‌ಫರ್ಡ್ ಕೂಡ ಇದೇ ಜಾತಿದು, ಎತ್ತುಗಳು ದಾಟೋ ಕಡವು. ಬ್ರಾಡ್‌ಫರ್ಡ್ ಅಂದ್ರೆ ಅಗಲವಾದ ಕಡವು. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟೋ ಜಾಗ ಅಂದ್ರೆ ಎಲ್ಲರಿಗೂ ಗೊತ್ತಿರೋ ಗುರುತು, ಅದಕ್ಕೇ ಇಷ್ಟೊಂದು ಫರ್ಡ್‌ಗಳು.