ಸೇವ್ ಉಳಿಯದ ಕಾರ್ಟ್ರಿಜ್ ನಕಲಿಯೇ?

ಹಳೇ ಗೇಮ್ ಅಂಗಡಿಯಲ್ಲಿ ಕೊಂಡ ‘ಪೋಕೆಮಾನ್ ಗೋಲ್ಡ್’ ಗೇಮ್ ಬಾಯ್ ಕಾರ್ಟ್ರಿಜ್ (ಕನ್ಸೋಲಿಗೆ ಸಿಕ್ಕಿಸೋ ಆಟದ ಪುಟ್ಟ ಡಬ್ಬಿ) ಚೆನ್ನಾಗಿ ಓಡುತ್ತೆ, ಆದ್ರೆ ಆಫ್ ಮಾಡಿದ ಕೂಡಲೇ ಸೇವ್, ಅಂದ್ರೆ ಅಲ್ಲಿವರೆಗೆ ಆಡಿದ್ದರ ದಾಖಲೆ, ಹೋಗಿಬಿಡುತ್ತೆ, ಅಂಗಡಿಯವರು ನಕಲಿ ಮಾಲು ಕೊಟ್ರಾ ಅಂತ ಕೇಳಿದ್ದೀರಿ. ಇಷ್ಟಕ್ಕೇ ನಕಲಿ ಅನ್ನೋಕಾಗಲ್ಲ. ಬಹುಶಃ ಒಳಗಿನ ಬ್ಯಾಟರಿ ಸತ್ತಿದೆ.

1999ರಲ್ಲಿ ಜಪಾನಿನಲ್ಲಿ ಬಂದ ಆಟ ಇದು. ಸೇವ್ ಉಳಿಯೋದು ಕಾರ್ಟ್ರಿಜ್ ಒಳಗಿನ ಸಿಆರ್2025 ನಾಣ್ಯದಾಕಾರದ ಬ್ಯಾಟರಿಯಿಂದ. ಆಟದ ಹಗಲು-ರಾತ್ರಿಯ ಗಡಿಯಾರಕ್ಕೂ ಅದೇ ಆಧಾರ, ಹಾಗಾಗಿ ಇದೇ ಸರಣಿಯ ಹಿಂದಿನ ಆಟಗಳಾದ ‘ರೆಡ್’, ‘ಬ್ಲೂ’ಗಿಂತ ಇದರದ್ದು ಬೇಗ ಖಾಲಿ.

ಅಸಲಿಯೋ ಅಂತ ನೋಡಬೇಕಾ? ಲೇಬಲ್ಲನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಸಲಿಯಲ್ಲಿ ಸಾಮಾನ್ಯವಾಗಿ ಶಾಯಿಯಿಲ್ಲದೆ ಒತ್ತಿದ ಪುಟ್ಟ ಅಂಕಿ ಕಾಣುತ್ತೆ. ಇನ್ನೂ ಅನುಮಾನವಿದ್ರೆ ಅಂಗಡಿಯಲ್ಲೇ ಬಿಚ್ಚಿ ತೋರಿಸೋಕೆ ಹೇಳಿ. ಅದಕ್ಕೆ 3.8 ಮಿ.ಮೀ. ಗೇಮ್‌ಬಿಟ್ ಅನ್ನೋ ವಿಶೇಷ ಸ್ಕ್ರೂಡ್ರೈವರ್ ತುದಿ ಬೇಕು, ಮಾಮೂಲಿ ಸ್ಕ್ರೂಡ್ರೈವರ್ ಹಿಡಿಯಲ್ಲ. ಒಳಗಿನ ಬೋರ್ಡಿನ ಮೇಲೆ ತಯಾರಕ ಕಂಪನಿ ನಿಂಟೆಂಡೊದ ಹೆಸರು ಅಚ್ಚಾಗಿರಬೇಕು.

ಬ್ಯಾಟರಿ ಹಾಕಿಸೋದಾದ್ರೆ ಲೋಹದ ಪಟ್ಟಿ ಇರೋದನ್ನೇ ಬೆಸುಗೆ ಹಾಕಿಸಿ. ಟೇಪ್ ಸುತ್ತಿ ಕೊಟ್ರೆ ಒಪ್ಪಬೇಡಿ, ಸ್ವಲ್ಪ ಅಲುಗಿದ್ರೂ ಸೇವ್ ಮತ್ತೆ ಹೋಗುತ್ತೆ.

ನಾನಂತೂ ಅಂಗಡಿಯನ್ನ ಅಳೆಯೋದು ಒಂದೇ ವಿಷಯದಲ್ಲಿ: ದುಡ್ಡು ತಗೊಳ್ಳೋ ಮುಂಚೆ ಕನ್ಸೋಲಿಗೆ ಹಾಕಿ, ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ತೋರಿಸ್ತಾರಾ? ತೋರಿಸೋರ ಹತ್ರ ಸ್ವಲ್ಪ ಜಾಸ್ತಿ ಕೊಟ್ರೂ ನನಗೆ ಬೇಜಾರಿಲ್ಲ. ನಿಮ್ಮ ಅಂಗಡಿಯವರನ್ನೂ ಮೊದಲು ಸಮಾಧಾನವಾಗಿ ಕೇಳಿ, ಬ್ಯಾಟರಿ ಬದಲಿಸಿಕೊಡೋರೇ ಇರಬಹುದು.