ಸೋದರಮಾವನಿಗೆ ಕೊಲೆ ಕೇಸಲ್ಲಿ ಜೀವಾವಧಿ ಆಗಿದೆ, ನಿಜವಾದ ಕೊಲೆಗಾರನ್ನ ನಾವೇ ಹುಡುಕಿಕೊಟ್ರೆ ಅವ್ರನ್ನ ಬಿಡ್ತಾರಾ?

ನೀವು ಬರ್ದಿರೋದು ಪೂರ್ತಿ ಓದ್ದೆ. ಸಕಲೇಶಪುರದ ಕಡೆ ಕಾಫಿ ಎಸ್ಟೇಟಲ್ಲಿ ರೈಟ್ರು (ಲೆಕ್ಕ ಬರೆಯೋ ಗುಮಾಸ್ತ) ಕೊಲೆ ಆಯ್ತು, ಬಟವಾಡೆ ದಿನ ಅವ್ರ ಜೊತೆ ಜಗಳ ಆಡಿದ್ದು ನಿಮ್ಮ ಮಾವ, ಕಣ್ಣಾರೆ ಕಂಡೋರು ಯಾರೂ ಇಲ್ಲ, ರಾತ್ರಿ ಲೈನ್ ಮನೆ (ಕೂಲಿಯವ್ರ ಸಾಲು ಮನೆ) ಹತ್ರ ಲೈಟ್ ಬೆಳಕಲ್ಲಿ ಇಬ್ರೂ ಒಟ್ಟಿಗೆ ಹೋಗೋದು ನೋಡ್ದೆ ಅಂತ ಒಬ್ಬ ಸಾಕ್ಷಿ ಹೇಳಿದಾನೆ, ಹನ್ನೊಂದು ದಿನ ಆದ್ಮೇಲೆ ಮಾವನೇ ತೋರ್ಸಿದ್ರು ಅಂತ ಕಾಫಿ ಗಿಡದ ಬುಡದಿಂದ ಕತ್ತಿ ತೆಗ್ದಿದಾರೆ, ಶಿಕ್ಷೆ ಆಗಿ ಮೂರು ತಿಂಗಳಾಯ್ತು. "ಊರಿಗೆ ಊರೇ ಹೇಳುತ್ತೆ ಇವ್ರಲ್ಲ ಅಂತ, ಯಾರು ಅನ್ನೋದೂ ನಮಗೆ ಗೊತ್ತು" ಅಂದಿದೀರ.

ನಾನು ಹಾಸನದಲ್ಲಿ ಕ್ರಿಮಿನಲ್ ಸೈಡ್ ವಕೀಲ, ಸೀನಿಯರ್ ಹತ್ರ ಇದ್ದಾಗಿಂದ ಅಪೀಲ್ ಫೈಲು ಓದೋದೇ ಜಾಸ್ತಿ ಕೆಲಸ. ಹಂಗಾಗಿ ನೇರವಾಗಿ ಹೇಳ್ಬಿಡ್ತೀನಿ, ಕೊಲೆಗಾರನ್ನ ಹುಡುಕೋಕೆ ಹೋಗ್ಬೇಡಿ. ಹೈಕೋರ್ಟು ನಿಮ್ಮನ್ನ ಯಾವತ್ತೂ "ಹಾಗಾದ್ರೆ ಯಾರು ಮಾಡಿದ್ದು" ಅಂತ ಕೇಳಲ್ಲ, ಅಲ್ಲಿ ಇರೋ ಪ್ರಶ್ನೆ ಒಂದೇ, ಪೊಲೀಸ್ನೋರು ಇಟ್ಟಿರೋ ಸಾಕ್ಷಿ ಈ ಮನುಷ್ಯನಿಗೆ ಶಿಕ್ಷೆ ಕೊಡೋಕೆ ಸಾಕಾ ಇಲ್ವಾ. ನೀವು ಪತ್ತೇದಾರಿಕೆಗೆ ಇಳಿದು ಆ ಇನ್ನೊಬ್ಬನ ಹಿಂದೆ ಬಿದ್ರೆ, ಸಾಕ್ಷಿ ಹೇಳ್ದೋನ ಮನೆ ಮುಂದೆ ಹೋಗಿ ನಿಂತ್ರೆ, ಸಾಕ್ಷಿಗೆ ಬೆದರಿಕೆ ಹಾಕಿದ್ರು ಅಂತ ನಿಮ್ ಮೇಲೇ ಇನ್ನೊಂದು ಕೇಸ್ ಬೀಳುತ್ತೆ, ಇಂಥದ್ದು ಆಗೋದನ್ನ ನೋಡಿದೀನಿ. ಊರೆಲ್ಲ ಹೇಳುತ್ತೆ ಅನ್ನೋದಕ್ಕೂ ಕೋರ್ಟಲ್ಲಿ ಬೆಲೆ ಇಲ್ಲ.

ಮೊದ್ಲು ಟೈಮಿನ ವಿಷಯ, ಇದು ಅರ್ಜೆಂಟು. ಸೆಷನ್ಸ್ ಕೋರ್ಟ್ ಶಿಕ್ಷೆ ಮೇಲೆ ಹೈಕೋರ್ಟಿಗೆ ಅಪೀಲ್ ಹಾಕೋಕೆ 60 ದಿನ, ನಿಮ್ದು ಆಗ್ಲೇ ದಾಟಿದೆ. ಗಾಬರಿ ಬೇಡ, ತಡ ಆಗಿದ್ದಕ್ಕೆ ಕಾರಣ ಹೇಳಿ ಮನ್ನಾ ಮಾಡಿ ಅಂತ ಅಪೀಲ್ ಜೊತೆ ಒಂದು ಅರ್ಜಿ ಹಾಕಿದ್ರೆ, ಜೈಲಲ್ಲಿರೋ ಬಡವರ ಕೇಸಲ್ಲಿ ಸಾಮಾನ್ಯವಾಗಿ ಒಪ್ತಾರೆ. ದುಡ್ಡಿಲ್ಲ ಅಂತ ಸುಮ್ನೆ ಕೂರೋದೂ ಬೇಡ, ಕಸ್ಟಡೀಲಿರೋ ಯಾರಿಗೇ ಆದ್ರೂ ಆದಾಯ ಎಷ್ಟೇ ಇರ್ಲಿ ಸರ್ಕಾರದ ಖರ್ಚಲ್ಲಿ ವಕೀಲರನ್ನ ಕೊಡ್ಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೇಲೇ ಇದೆ, 15100ಕ್ಕೆ ಫೋನ್ ಮಾಡಿ, ಇಲ್ಲ ಜೈಲಿಂದಾನೇ ಅರ್ಜಿ ಕೊಡ್ಸಿ. ಹಾಸನ, ಚಿಕ್ಕಮಗಳೂರು ಎರಡೂ ಬೆಂಗಳೂರು ಪೀಠಕ್ಕೇ ಬರುತ್ತೆ.

ಈಗ ಅಸಲಿ ವಿಷಯ. ನಿಮ್ಮ ಕೇಸು ಪೂರ್ತಿ ಸಾಂದರ್ಭಿಕ ಸಾಕ್ಷ್ಯದ್ದು, ಅಂದ್ರೆ ಕಣ್ಣಾರೆ ಕಂಡೋರಿಲ್ದೆ ಸುತ್ತಲಿನ ಸಂಗತಿಗಳ ಮೇಲೇ ನಿಂತಿರೋದು. ಇಂಥ ಕೇಸಿಗೆ 1984ರಲ್ಲಿ ಶರದ್ ಬಿರ್ದಿಚಂದ್ ಸಾರ್ಡಾ ಕೇಸಲ್ಲಿ ಸುಪ್ರೀಂ ಕೋರ್ಟು ಐದು ನಿಯಮ ಹಾಕಿಟ್ಟಿದೆ, ವಕೀಲರು ಅದನ್ನ ಪಂಚಶೀಲ ಅಂತಾನೇ ಕರೀತಾರೆ. ಪ್ರತಿ ಸಂಗತಿಯೂ ಬೇರೆ ಬೇರೆಯಾಗಿ ಸಾಬೀತಾಗಿರ್ಬೇಕು, ಎಲ್ಲಾ ಸೇರಿ ಸರಪಳಿ ಎಲ್ಲೂ ತುಂಡಾಗಿರಬಾರ್ದು, ಆರೋಪಿ ಬಿಟ್ಟು ಬೇರೆ ಯಾರೂ ಮಾಡಿರೋಕೆ ಸಾಧ್ಯಾನೇ ಇಲ್ಲ ಅನ್ನೋ ಹಂಗಿರ್ಬೇಕು. ಆ ಕೇಸಲ್ಲಿ ಕೆಳಗಿನ ಕೋರ್ಟಿಂದ ಗಲ್ಲು ಶಿಕ್ಷೆ ಆಗಿದ್ದ ಮನುಷ್ಯ ಸುಪ್ರೀಂ ಕೋರ್ಟಲ್ಲಿ ಬಿಡುಗಡೆ ಆದ. ಅಂದ್ರೆ ನೀವು ಇಡೀ ಕೇಸನ್ನ ಕೆಡವಬೇಕಾಗಿಲ್ಲ, ಒಂದು ಮುಖ್ಯವಾದ ಕೊಂಡಿ ಕಳಚಿದ್ರೆ ಸಾಕು.

ಆ ಕೊಂಡಿ ಎಲ್ಲಿ ಸಡಿಲ ಇದೆ ಅಂತ ಹುಡುಕೋದು ಹೇಗೆ ಅನ್ನೋದೇ ನಾನು ಹೇಳ್ಬೇಕು ಅಂತಿರೋದು. ಕೇಸಿಗೋಸ್ಕರ ಬರ್ದಿರೋ ಕಾಗದಾನ, ಕೇಸ್ ಆಗುತ್ತೆ ಅಂತ ಗೊತ್ತೇ ಇಲ್ದೆ ಅದೇ ದಿನ ಯಾರೋ ಬರ್ದಿಟ್ಟ ಕಾಗದದ ಪಕ್ಕ ಇಟ್ಟು ಓದ್ಬೇಕು. ಮಹಜರು (ಜಾಗ, ವಸ್ತು ನೋಡಿ ಪೊಲೀಸರು ಬರೆಯೋ ವರದಿ), ಹೇಳಿಕೆ ಎಲ್ಲ ಠಾಣೇಲಿ ಕೂತು ಒಂದೇ ಕೈಲಿ ಬರ್ದಿರೋದು, ಒಂದಕ್ಕೊಂದು ತಾಳೆ ಆಗೇ ಆಗುತ್ತೆ. ಆದ್ರೆ ಎಸ್ಟೇಟ್ ಚೆಕ್‌ರೋಲು (ಕೂಲಿಯವ್ರ ಹಾಜರಿ ಪುಸ್ತಕ), ಡೈರಿಲಿ ಹಾಲು ಹಾಕಿದ ಚೀಟಿ, ಬಸ್ಸಿನ ಟ್ರಿಪ್ ಶೀಟು, ಆಸ್ಪತ್ರೆ ಒಪಿಡಿ ಪುಸ್ತಕ ಇವಕ್ಕೆಲ್ಲ ನಿಮ್ಮ ಮಾವ ಯಾರು ಅಂತಾನೇ ಗೊತ್ತಿಲ್ಲ.

ಉದಾಹರಣೆಗೆ ಮಳೆ ಪುಸ್ತಕ. ನಮ್ ಮಲೆನಾಡಲ್ಲಿ ಸ್ವಲ್ಪ ದೊಡ್ಡದಾದ ಎಸ್ಟೇಟ್ ಅಂದ್ರೆ ಅಲ್ಲಿ ಮಳೆ ಅಳತೆ ಡಬ್ಬಿ ಇದ್ದೇ ಇರುತ್ತೆ, ದಿನಾ ಬೆಳಿಗ್ಗೆ ಅಳ್ದು ಇಂಚು ಸೆಂಟಲ್ಲಿ ಬರ್ದಿಡ್ತಾರೆ, ಕೆಲವು ಮನೇಲಿ ತಾತನ ಕಾಲದ ಪುಸ್ತಕಾನೂ ಸಿಗುತ್ತೆ. ನಾನು ಜೂನಿಯರ್ ಆಗಿದ್ದಾಗ ನಿಮ್ದೇ ತರದ ಒಂದು ಅಪೀಲ್ ಬಂದಿತ್ತು. ಆಷಾಢದ ಮಳೆಗಾಲ, ಕೊಲೆ ಆಗಿ ಒಂದು ವಾರ ಕಳೆದ್ಮೇಲೆ ತೆರೆದ ಜಾಗದಲ್ಲಿ ಗಿಡದ ಬುಡದಿಂದ ಕತ್ತಿ ತೆಗ್ದಿದಾರೆ, ಮಹಜರಲ್ಲಿ "ಒಣಗಿದ ರಕ್ತದ ಕಲೆ ಇರುವ ಕತ್ತಿ" ಅಂತ ಬರ್ದಿದೆ, ಮಣ್ಣಿನ ಬಗ್ಗೆ, ತುಕ್ಕಿನ ಬಗ್ಗೆ ಒಂದಕ್ಷರ ಇಲ್ಲ. ಸೀನಿಯರ್ರು ನನ್ನನ್ನ ಪಕ್ಕದ ಎಸ್ಟೇಟಿಗೆ ಓಡ್ಸಿದ್ರು. ಅಲ್ಲಿನ ಸಾಹುಕಾರ್ರು ಕಪಾಟಿಂದ ರಟ್ಟು ಕಿತ್ತು ಹೋಗಿದ್ದ ಉದ್ದದ ಬೈಂಡ್ ಪುಸ್ತಕ ತೆಗ್ದು ತೋರ್ಸಿದ್ರು, ನೀಲಿ ಇಂಕಲ್ಲಿ ತಾರೀಕು, ಪಕ್ಕದಲ್ಲಿ ಇಂಚು, ಸೆಂಟು, ಆ ವಾರದಲ್ಲಿ ಒಂದು ದಿನಾನೂ ಎರಡು ಇಂಚಿಗೆ ಕಮ್ಮಿ ಇಲ್ಲ, ಒಂದು ಕಡೆ ಷರಾ ಕಾಲಮ್ಮಲ್ಲಿ "ಗಾಳಿ, ಸಿಲ್ವರ್ ಮರ 4 ಬಿದ್ದಿದೆ" ಅಂತ ಬೇರೆ. ಅಂಥಾ ಮಳೇಲಿ ಬಯಲಲ್ಲಿ ಬಿದ್ದಿದ್ದ ಕತ್ತಿ ಮೇಲೆ ಒಣಗಿದ ರಕ್ತ ಹೆಂಗೆ ಉಳೀತು ಸ್ವಾಮಿ?

ಆಮೇಲೆ ಏನಾಯ್ತು ಅಂದ್ರೆ, ಹೈಕೋರ್ಟು ಬಿಡುಗಡೆ ಮಾಡ್ತು ನಿಜ, ಆದ್ರೆ ತೀರ್ಪಲ್ಲಿ ಮಳೆಗೆ ಸಿಕ್ಕಿದ್ದು ಎರಡೇ ಸಾಲು, ಜಾಸ್ತಿ ತೂಕ ಬಿದ್ದಿದ್ದು ಪಂಚರ ಮೇಲೆ, ಅಂದ್ರೆ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕೋರ ಮೇಲೆ. ಒಬ್ಬನೇ ಮನುಷ್ಯ, ಸ್ಪಾಟ್ ಮಹಜರಿಗೂ ಅವ್ನೇ ಪಂಚ, ಬಟ್ಟೆ ಸೀಜ್ ಮಾಡಿದ್ದಕ್ಕೂ ಅವ್ನೇ, ಕತ್ತಿಗೂ ಅವ್ನೇ, ಕೋರ್ಟಲ್ಲಿ ಕೇಳಿದ್ರೆ ಠಾಣೇಲಿ ಸಹಿ ಹಾಕ್ದೆ ಅಂದ್ಬಿಟ್ಟಿದ್ದ. ಕತ್ತಿ ಆರೋಪಿ ಹೇಳಿದ ಜಾಗದಲ್ಲೇ ಸಿಕ್ತು ಅನ್ಬೇಕಾದ್ರೆ ಅವ್ನು ಏನು ಹೇಳ್ದ ಅನ್ನೋ ಮಾತನ್ನ ತನಿಖಾಧಿಕಾರಿ ಕೋರ್ಟಲ್ಲಿ ಹೇಳ್ಬೇಕು, ಬರೀ "ತೋರಿಸಿದ, ವಶಪಡಿಸಿಕೊಂಡೆ" ಅಂದ್ರೆ ಸಾಲದು, ಸುಪ್ರೀಂ ಕೋರ್ಟು 2022ರಲ್ಲೂ 2024ರಲ್ಲೂ ಕರ್ನಾಟಕದ್ದೇ ಕೊಲೆ ಕೇಸುಗಳಲ್ಲಿ ಇದನ್ನ ಬಿಡಿಸಿ ಹೇಳಿ ಆರೋಪಿಗಳನ್ನ ಬಿಟ್ಟಿದೆ. ಅದಕ್ಕೇ ನಿಮ್ಮ ಕೇಸಿನ ಇನ್ಸ್‌ಪೆಕ್ಟರ್ ಕೊಟ್ಟ ಸಾಕ್ಷ್ಯದ ಪ್ರತಿ ಸಿಕ್ಕಿದ ಕೂಡ್ಲೇ ಆ ಪ್ಯಾರಾ ಹುಡುಕಿ.

ನಿಮ್ಮ ಕೇಸಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಆ ಲೈಟು. ರಾತ್ರಿ ಲೈಟ್ ಬೆಳಕಲ್ಲಿ ಗುರುತು ಹಿಡಿದೆ ಅಂತಾನಲ್ಲ, ಅವತ್ತು ಆ ಹೊತ್ತಲ್ಲಿ ಕರೆಂಟ್ ಇತ್ತಾ? ಮಳೆಗಾಲದ ರಾತ್ರಿ ಸಕಲೇಶಪುರ ಸೀಮೇಲಿ ಕರೆಂಟ್ ಇತ್ತು ಅಂದ್ರೆ ನಂಗಂತೂ ಮೊದ್ಲು ಅನುಮಾನಾನೇ ಬರೋದು. ಸಬ್‌ಸ್ಟೇಷನ್ನಲ್ಲಿ ಲಾಗ್ ಬುಕ್ ಇರುತ್ತೆ, ಯಾವ ಫೀಡರ್ (ಕರೆಂಟ್ ಲೈನ್) ಎಷ್ಟು ಗಂಟೆಗೆ ಟ್ರಿಪ್ ಆಯ್ತು, ಎಷ್ಟಕ್ಕೆ ಮತ್ತೆ ಚಾರ್ಜ್ ಆಯ್ತು ಅಂತ ಬರ್ದಿರ್ತಾರೆ. ಹಾಸನಕ್ಕೆ ಚೆಸ್ಕಾಂ (ಚಿಕ್ಕಮಗಳೂರಾದ್ರೆ ಮೆಸ್ಕಾಂ), 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಹಳೇ ರಿಜಿಸ್ಟ್ರನ್ನ ಗುಜರಿಗೆ ಹಾಕೋಕೆ ಮುಂಚೆ ಕೇಳ್ಬೇಕು, ಅದಕ್ಕೇ ಇದನ್ನ ಈ ವಾರಾನೇ ಮಾಡಿ. ಕರೆಂಟ್ ಇತ್ತು ಅಂತ ಬಂದ್ರೂ ನಿಮ್ಗೆ ನಷ್ಟ ಏನಿಲ್ಲ, ಇಬ್ರೂ ಜೊತೇಲಿ ಕಂಡಿದ್ದಕ್ಕೂ ಸಾವು ಆಗಿದ್ದಕ್ಕೂ ನಡುವೆ ಬೇರೆಯವ್ರು ನುಗ್ಗೋಕೆ ಜಾಗ ಇಲ್ದಷ್ಟು ಕಮ್ಮಿ ಅಂತರ ಇರ್ಬೇಕು ಅಂತಾನೇ ಕಾನೂನು. ಪೋಸ್ಟ್‌ಮಾರ್ಟಮ್ ರಿಪೋರ್ಟಲ್ಲಿ ಸತ್ತು ಎಷ್ಟು ಗಂಟೆ ಆಗಿತ್ತು ಅಂತ ಬರ್ದಿದೆ ನೋಡಿ, ಹನ್ನೆರಡರಿಂದ ಇಪ್ಪತ್ನಾಲ್ಕು ಅಂತ ಅಗಲವಾಗಿ ಬರ್ದಿದ್ರೆ ಆ ಅಂತರದ ಬಗ್ಗೆ ವಾದ ಮಾಡೋಕೆ ಬೇಕಾದಷ್ಟು ಜಾಗ ಇದೆ. ಎಫ್‌ಎಸ್‌ಎಲ್ (ಫೊರೆನ್ಸಿಕ್ ಲ್ಯಾಬ್) ರಿಪೋರ್ಟಲ್ಲಿ ಬರೀ "ಮನುಷ್ಯರ ರಕ್ತ" ಅಂತಿದೆಯಾ, ಗ್ರೂಪ್ ಮ್ಯಾಚ್ ಆಗಿದೆಯಾ ಅದನ್ನೂ ನೋಡಿ.

ಇನ್ನೊಂದು ಚಿಕ್ಕ ಜಾಗ, ಎಫ್‌ಐಆರ್ ಮೂಲೆ. ಮ್ಯಾಜಿಸ್ಟ್ರೇಟ್ ಕೈಗೆ ತಲುಪಿದಾಗ ತಾರೀಕು, ಟೈಮ್ ಹಾಕಿ ಇನಿಶಿಯಲ್ ಹಾಕಿರ್ತಾರೆ. ಠಾಣೆಯಿಂದ ಮ್ಯಾಜಿಸ್ಟ್ರೇಟ್ ಮನೆಗೆ ಅರ್ಧ ಗಂಟೆ ದಾರಿ, ತಲುಪಿದ್ದು ಮಾರನೇ ದಿನ ಸಾಯಂಕಾಲ ಅಂತಿದ್ರೆ, ಮಧ್ಯದಲ್ಲಿ ಏನು ನಡೀತು, ಮಾವನ ಹೆಸರು ಯಾವಾಗ ಸೇರ್ತು ಅಂತ ಕೇಳೋ ಹಕ್ಕಿದೆ.

ಹಿಂಗೆ ಹೊರಗಿಂದ ತಂದ ಕಾಗದಾನ ಅಪೀಲಲ್ಲಿ ಹೊಸದಾಗಿ ಹಾಜರು ಮಾಡೋಕೆ ದಾರಿ ಇದೆ, ಅದು ಕ್ರಿಮಿನಲ್ ಕೇಸು ನಡೆಸೋ ರೀತಿ ಹೇಳೋ ಕಾನೂನಲ್ಲಿದೆ, ಹಳೇ ಸಿಆರ್‌ಪಿಸಿಲಿ 391, ಈಗಿನ ಬಿಎನ್‌ಎಸ್‌ಎಸ್‌ಲಿ 432. ಆದ್ರೆ ಕೇಳಿದೋರಿಗೆಲ್ಲ ಕೊಡಲ್ಲ, ವಿಚಾರಣೆ ಟೈಮಲ್ಲಿ ಯಾಕೆ ತರ್ಲಿಲ್ಲ ಅಂತ ಕೇಳೇ ಕೇಳ್ತಾರೆ, ಉತ್ತರ ರೆಡಿ ಇರ್ಲಿ.

ಇದೆಲ್ಲ ಓದಿ ಇಷ್ಟೊಂದು ಸುಳ್ಳು ನಡೆಯುತ್ತಾ ಅನ್ಸಿದ್ರೆ ಪಕ್ಕದ ಕೊಡಗಿನ ಕೇಸು ನೆನಪು ಮಾಡ್ಕೊಳ್ಳಿ. 2020ರಲ್ಲಿ ಕುಶಾಲನಗರ ಕಡೆಯ ಹಾಡಿಯ ಮನುಷ್ಯನ ಹೆಂಡತಿ ಕಾಣೆಯಾದ್ಲು, ಬೆಟ್ಟದಪುರದ ಹತ್ರ ಒಂದು ಅಸ್ಥಿಪಂಜರ ಸಿಕ್ತು, ಅದು ಅವಳದ್ದೇ ಅಂತ ಮಾಡಿ ಗಂಡನ ಮೇಲೆ ಕೊಲೆ ಕೇಸು ಹಾಕಿ ಒಳಗೆ ಹಾಕಿದ್ರು. ಡಿಎನ್‌ಎ ತಾಳೆ ಆಗ್ಲಿಲ್ಲ, ಆದ್ರೂ ಕೇಸು ನಡೀತಾನೇ ಇತ್ತು. 2025ರ ಏಪ್ರಿಲಲ್ಲಿ ಅದೇ ಹೆಂಡತಿ ಮಡಿಕೇರಿ ಹೋಟ್ಲಲ್ಲಿ ಊಟ ಮಾಡ್ತಾ ಸಿಕ್ಕಿಬಿದ್ಲು! ಮೈಸೂರು ಕೋರ್ಟು ಅವ್ನನ್ನ ಬಿಟ್ಟು 1 ಲಕ್ಷ ಪರಿಹಾರ ಕೊಡಿ ಅಂತು. ಸತ್ತೋಳೇ ಎದ್ದು ಬಂದ್ರೆ ವಾದಾನೇ ಬೇಕಾಗಲ್ಲ, ನಿಮ್ಮ ಕೇಸಲ್ಲಿ ಆ ಭಾಗ್ಯ ಇಲ್ಲ.

ನಾಸಿಕ್ ಕಡೆಯ ಕೇಸು ನಿಮ್ಗೆ ಇನ್ನೂ ಹತ್ರದ್ದು. 2003ರ ದರೋಡೆ ಕೊಲೆ, ಆರು ಜನಕ್ಕೆ ಗಲ್ಲು ಅಂತ 2009ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, 2019ರಲ್ಲಿ ಅದೇ ಸುಪ್ರೀಂ ಕೋರ್ಟು ಆರೂ ಜನ ನಿರಪರಾಧಿಗಳು ಅಂತ ಬಿಡುಗಡೆ ಮಾಡ್ತು, ತಲಾ 5 ಲಕ್ಷ ಪರಿಹಾರ. ಹೊಸ ಸಾಕ್ಷಿ ಆಕಾಶದಿಂದ ಉದುರಲಿಲ್ಲ. ಗಾಯಗೊಂಡು ಬದುಕುಳಿದ ಹೆಂಗಸು ಮೊದ್ಲೇ ಪೊಲೀಸರ ಫೋಟೋ ಆಲ್ಬಮ್ಮಲ್ಲಿ ಬೇರೆ ನಾಲ್ಕು ಜನರನ್ನ ಗುರುತು ಹಿಡಿದಿದ್ರು, ಆ ನಾಲ್ವರ ಬಗ್ಗೆ ತನಿಖೇನೇ ಆಗಿರ್ಲಿಲ್ಲ. ಅದು ಅಷ್ಟೂ ವರ್ಷ ದಾಖಲೇಲೇ ಇತ್ತು.

ಪರಿಹಾರದ ಆಸೆ ಮಾತ್ರ ಇಟ್ಕೋಬೇಡಿ. ತಪ್ಪಾಗಿ ಕೇಸಿಗೆ ಸಿಕ್ಕೋರಿಗೆ ಪರಿಹಾರ ಕೊಡೋಕೆ ಕಾನೂನು ಬೇಕು ಅಂತ ಕಾನೂನು ಆಯೋಗ 2018ರಲ್ಲೇ 277ನೇ ವರದಿ ಕೊಟ್ಟಿದೆ, ಕಾಯ್ದೆ ಬಂದಿಲ್ಲ. ಆಧಾರ ಇಲ್ದೆ ಅರೆಸ್ಟ್ ಮಾಡ್ಸಿದ್ದಕ್ಕೆ ಹೊಸ ಬಿಎನ್‌ಎಸ್‌ಎಸ್‌ಲೂ ಇರೋದು ಹೆಚ್ಚಂದ್ರೆ 1000 ರೂಪಾಯಿ, ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಜೊತೆಗೆ ತೀರ್ಪಲ್ಲಿ "ಸಂಶಯದ ಲಾಭ ನೀಡಿ" ಅಂತ ಬಂದ್ರೆ ಊರಲ್ಲಿ ಮಾತಾಡೋರು ಮಾತಾಡ್ತಾನೇ ಇರ್ತಾರೆ. ನಾನು ಹೇಳಿದ ಮಳೆ ಪುಸ್ತಕದ ಕೇಸಲ್ಲಿ ಕೊಲೆ ಮಾಡಿದೋರು ಯಾರು ಅಂತ ಇವತ್ತಿಗೂ ಪತ್ತೆ ಇಲ್ಲ, ಬಿಡುಗಡೆ ಆದ್ಮೇಲೆ ಯಾರೂ ಮತ್ತೆ ತನಿಖೆ ಮಾಡ್ಲಿಲ್ಲ, ಸತ್ತೋರ ಮನೆಯವ್ರು ಈಗ್ಲೂ ಇವ್ನೇ ಅಂತಾರೆ. ಅವ್ರದ್ದೂ ತಪ್ಪು ಅನ್ನೋಕಾಗಲ್ಲ.

ಬೇಜಾರಾಗ್ಬೇಡಿ, ಇನ್ನೊಂದು ಮಾತು. ಮಾವ ಮಾಡಿರಲೂಬಹುದು ಅನ್ನೋದನ್ನ ತಲೇಲಿಟ್ಕೊಂಡೇ ಫೈಲ್ ಓದಿ. ಮಾಡೇ ಇಲ್ಲ ಅಂತ ಮೊದ್ಲೇ ತೀರ್ಮಾನ ಮಾಡ್ಕೊಂಡು ಓದೋರಿಗೆ ಅವ್ರ ವಿರುದ್ಧ ಇರೋ ಗಟ್ಟಿ ಸಾಕ್ಷಿ ಕಣ್ಣಿಗೆ ಬೀಳಲ್ಲ, ಹೈಕೋರ್ಟಲ್ಲಿ ಸರ್ಕಾರಿ ವಕೀಲರು ಮೊದ್ಲು ಎತ್ತೋದು ಅದನ್ನೇ.

ಸೋಮವಾರ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ, ಎಸ್.ಸಿ. (ಸೆಷನ್ಸ್ ಕೇಸ್) ನಂಬರ್ ಹಾಕಿ ಅರ್ಜಿ ಕೊಡಿ. ತೀರ್ಪಿನ ಒಂದು ಪ್ರತಿ ಮಾವನಿಗೆ ಫ್ರೀಯಾಗಿ ಕೊಟ್ಟಿರ್ಬೇಕು, ಜೈಲಲ್ಲಿ ವಿಚಾರಿಸಿ. ಎಲ್ಲಾ ಪಿಡಬ್ಲ್ಯೂಗಳ (ಸರ್ಕಾರದ ಕಡೆ ಸಾಕ್ಷಿಗಳ) ಹೇಳಿಕೆ, ಮಹಜರುಗಳು, ಪಿ.ಎಫ್. (ವಶಪಡಿಸಿಕೊಂಡ ವಸ್ತುಗಳ ಪಟ್ಟಿ) ಪ್ರತಿ, ಪೋಸ್ಟ್‌ಮಾರ್ಟಮ್, ಎಫ್‌ಎಸ್‌ಎಲ್, ಜಡ್ಜು ಕೊನೇಲಿ ಮಾವನಿಗೆ ಕೇಳಿದ ಪ್ರಶ್ನೆಗಳ ಹೇಳಿಕೆ (ಹಳೇ ಸಿಆರ್‌ಪಿಸಿಲಿ 313, ಈಗಿನ ಬಿಎನ್‌ಎಸ್‌ಎಸ್‌ಲಿ 351), ಇಷ್ಟೂ ಕೇಳಿ. ಅದ್ರಲ್ಲಿ ಕತ್ತಿ ಬಗ್ಗೆ ಪ್ರಶ್ನೆ ಕೇಳೇ ಇಲ್ಲ ಅಂದ್ರೆ ಅದೇ ಒಂದು ಗ್ರೌಂಡ್ ಆಗುತ್ತೆ. ಮಳೆ ಪುಸ್ತಕಾನ ಕೊಲೆ ಆದ ಎಸ್ಟೇಟಲ್ಲಿ ಕೇಳ್ಬೇಡಿ, ಅಕ್ಕಪಕ್ಕದ ತೋಟದವ್ರನ್ನ ಕೇಳಿ, ಪುಟದ ಫೋಟೋ ಮಾತ್ರ ತಗೊಂಡು ಪುಸ್ತಕ ಅವ್ರ ಹತ್ರಾನೇ ಬಿಡಿ, ನೀವೇ ಇಟ್ಕೊಂಡ್ರೆ ತಿದ್ದಿದ್ರು ಅನ್ನೋ ಮಾತು ಬರುತ್ತೆ.