38ನೇ ಶಾಟ್‌ನಿಂದ ಶುರು ಮಾಡಿ

ನಮಸ್ಕಾರ,

ನೀವು ಕಳಿಸಿದ ‘ಕನಸಿಗೆ ಜೀವ ತುಂಬಿದ ಕೈಗಳು’ ಲೇಖನವನ್ನು ಪೂರ್ತಿ ಓದಿದೆ. ಒಂದು ಸರಣಿಯನ್ನು ಮೆಚ್ಚಿದ ನಲವತ್ತು ಕಲಾವಿದರು, ಒಬ್ಬರ ಮುಖ ಒಬ್ಬರು ನೋಡದೆ, ಸಂಬಳವಿಲ್ಲದೆ, ಅದರ ಪಾತ್ರಗಳನ್ನಿಟ್ಟುಕೊಂಡು ಆರು ನಿಮಿಷದ ಅನಿಮೇಷನ್ ಚಿತ್ರ ಮಾಡಿದ ಕಥೆ ಇದು. ಅವರನ್ನು ಕೂಡಿಸಿದವರು ನೀವು. ವಿಷಯ ನಮಗೆ ಇಷ್ಟವಾಯಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ.

ಮೊದಲ ಮೂರು ಪ್ಯಾರಾ ಅನಿಮೇಷನ್ನಿನ ಹಿರಿಮೆಗೆ ಹೋಗಿದೆ. ಅದನ್ನು ಯಾರು ಬೇಕಾದರೂ ಬರೆಯಬಹುದು, ತೆಗೆದುಬಿಡಿ. ನಿಮಗೆ ಮಾತ್ರ ಗೊತ್ತಿರುವುದು ನಾಲ್ಕನೇ ಪುಟದಲ್ಲಿ ಅಡಗಿ ಕೂತಿದೆ: “38ನೇ ಶಾಟ್ ಯಾರ ಹತ್ತಿರ ಇದೆ ಎಂದು ಎರಡು ತಿಂಗಳು ಯಾರಿಗೂ ತಿಳಿದಿರಲಿಲ್ಲ.” ಇದನ್ನು ಓದಿ ನಾನು ನೆಟ್ಟಗೆ ಕೂತೆ. ಮುಂದಿನ ಸಾಲಿನಲ್ಲೇ ನೀವು, “ಕೊನೆಗೆ ಎಲ್ಲರ ಒಗ್ಗಟ್ಟಿನಿಂದ ಅದೂ ಮುಗಿಯಿತು” ಎಂದು ಬಾಗಿಲು ಹಾಕಿಬಿಟ್ಟಿರಿ. ಒಗ್ಗಟ್ಟು ಚಿತ್ರ ಬಿಡಿಸುವುದಿಲ್ಲ ಅಲ್ವಾ? ಯಾರೋ ಒಬ್ಬರು ಕೂತು ಬಿಡಿಸಿದರು. ಅವರು ಯಾರು? ಮೊದಲು ಆ ಶಾಟ್ ತೆಗೆದುಕೊಂಡವರು ಕೈಬಿಟ್ಟರಾ, ಇಲ್ಲ ನಾಚಿಕೆಯಿಂದ ಉತ್ತರ ಕೊಡಲಿಲ್ಲವಾ? ನೀವು ಅವರಿಗೆ ಏನೆಂದು ಬರೆದಿರಿ? ಬೇರೆಯವರಿಗೆ ಕೊಟ್ಟ ಮೇಲೆ ಮೊದಲಿನವರು ಮುಗಿಸಿದ ಕೆಲಸ ಹಿಡಿದು ಬಂದರಾ? ಲೇಖನ ಇರುವುದು ಇಲ್ಲಿ.

ಕೆಲಸ ಎಷ್ಟಿತ್ತು ಅನ್ನುವುದು ಓದುಗರಿಗೆ ತಿಳಿಯದಿದ್ದರೆ ಈ ಸಂಕಟವೂ ತಿಳಿಯುವುದಿಲ್ಲ. “ಸಾವಿರಾರು ಚಿತ್ರಗಳು” ಎಂದು ಬರೆದಿದ್ದೀರಿ. ಲೆಕ್ಕ ಹಾಕಿ ಹೇಳಿ. ಸೆಕೆಂಡಿಗೆ 24 ಫ್ರೇಮ್, ಅಂದರೆ ತೆರೆಯ ಮೇಲೆ ಬಂದು ಹೋಗುವ 24 ಬಿಡಿ ಚಿತ್ರ. ಆ ಲೆಕ್ಕದಲ್ಲಿ ಆರು ನಿಮಿಷಕ್ಕೆ 8,640. ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 4,320. ನಲವತ್ತು ಜನಕ್ಕೆ ಸಮನಾಗಿ ಹಂಚಿದರೆ ತಲಾ 108. ಅದೂ ಒಂದು ಫ್ರೇಮಿನಲ್ಲಿ ಒಂದೇ ಪಾತ್ರ ಇದ್ದರೆ. ಪ್ರತಿ ಚಿತ್ರಕ್ಕೂ ರಫ್ (ಮೊದಲ ಕರಡು ಗೆರೆ), ಕ್ಲೀನಪ್ (ಗೆರೆ ಚೊಕ್ಕ ಮಾಡುವುದು), ಬಣ್ಣ ಬೇರೆ ಇದೆ. ಕೆಲಸವೋ ಕಾಲೇಜೋ ಮುಗಿಸಿ ರಾತ್ರಿ ಕೂರುವವರಿಗೆ ಇದು ಎಷ್ಟು ಭಾರ ಎಂದು ಈಗ ಗೊತ್ತಾಗುತ್ತದೆ. “ಹಗಲಿರುಳೆನ್ನದೆ ದುಡಿದರು” ಅನ್ನುವ ಮಾತು ಆಮೇಲೆ ಬೇಕಾಗುವುದೇ ಇಲ್ಲ.

ಇನ್ನೊಂದು ತೊಡಕು ಇದೆ, ನೀವು ಗಮನಿಸಿಲ್ಲ ಅನ್ನಿಸುತ್ತದೆ. ಎರಡನೇ ಪುಟದಲ್ಲಿ “ಪ್ರತಿಯೊಬ್ಬರಿಗೂ ಅವರದೇ ಶೈಲಿಯ ಸ್ವಾತಂತ್ರ್ಯ ಕೊಟ್ಟೆವು” ಎನ್ನುತ್ತೀರಿ. ಐದನೇ ಪುಟದಲ್ಲಿ “ಇಡೀ ಚಿತ್ರ ಒಂದೇ ಕೈ ಬಿಡಿಸಿದಂತೆ ಕಾಣಬೇಕೆಂಬ ಹಟ” ಬರುತ್ತದೆ. ಎರಡೂ ಒಟ್ಟಿಗೆ ಆಗದು. ‘ಸ್ಟಾರ್ ವಾರ್ಸ್ ಅನ್‌ಕಟ್’ ನಿಮಗೆ ಗೊತ್ತಿರಬಹುದು. 1977ರ ‘ಸ್ಟಾರ್ ವಾರ್ಸ್’ ಸಿನಿಮಾವನ್ನು 15 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಅಭಿಮಾನಿಗಳಿಗೆ ಹಂಚಿ, ಅವರವರ ರೀತಿಯಲ್ಲಿ ಮತ್ತೆ ಮಾಡಿಸಿದ್ದರು. 2010ರಲ್ಲಿ ಅದಕ್ಕೆ ಅಮೆರಿಕದ ಟಿವಿ ಲೋಕದ ಎಮ್ಮಿ ಪ್ರಶಸ್ತಿಯೂ ಬಂತು. ಅಲ್ಲಿ ತುಣುಕು ತುಣುಕಿಗೂ ರೂಪ ಬದಲಾಗುವುದೇ ಮಜಾ. ನೋಡುವವರಿಗೆ ಮೂಲ ಕಥೆ ಬಾಯಿಪಾಠ, ಹಾಗಾಗಿ ದಾರಿ ತಪ್ಪುವುದಿಲ್ಲ. ನಿಮ್ಮದು ಹೊಸ ಕಥೆ. ಮೂಗು, ಬಟ್ಟೆಯ ಬಣ್ಣ ಶಾಟ್‌ಗೊಂದು ಥರ ಆದರೆ ಪಾತ್ರ ಯಾವುದೆಂದೇ ತಿಳಿಯುವುದಿಲ್ಲ. ಹಾಗಾದರೆ ಪಾತ್ರ ಹೇಗೆ ಕಾಣಬೇಕೆಂದು ತೋರಿಸುವ ಮಾಡೆಲ್ ಶೀಟ್ ಯಾರು ಮಾಡಿದರು? ಬಣ್ಣಗಳ ಪಟ್ಟಿ ಕೊಟ್ಟಿರಾ? ಒಂದು ಶಾಟ್‌ನ ಕೊನೆಯ ಭಂಗಿಗೂ ಮುಂದಿನದರ ಮೊದಲ ಭಂಗಿಗೂ ಹೊಂದಿಕೆ ನೋಡಿದವರು ಯಾರು? ಸ್ವಾತಂತ್ರ್ಯದಿಂದ ಶುರುವಾಗಿ ಹಟಕ್ಕೆ ಬಂದಿದ್ದರೆ, ಆ ಬದಲಾವಣೆ ಯಾವಾಗ, ಯಾರ ಮಾತಿಗೆ ಆಯಿತು ಎಂದು ಬರೆಯಿರಿ. ಬೇಸರಪಟ್ಟು ಹೋದವರಿದ್ದರೆ ಅದನ್ನೂ ಬರೆಯಿರಿ.

“ಯಾರ ಮಾತಿಗೆ” ಎಂದು ಸುಮ್ನೆ ಕೇಳುತ್ತಿಲ್ಲ. ನಿಮ್ಮ ಲೇಖನದಲ್ಲಿ “ನಿರ್ಧರಿಸಲಾಯಿತು”, “ಹಂಚಲಾಯಿತು”, “ತಿದ್ದಲಾಯಿತು” ಜಾಸ್ತಿ ಇವೆ. ಸಂಬಳ ಕೊಡದ ತಂಡದಲ್ಲಿ ದೊಡ್ಡ ಪ್ರಶ್ನೆಯೇ ಯಾರು ನಿರ್ಧರಿಸುವುದು ಅನ್ನುವುದು. ನೀವು ಅದನ್ನೇ ಮರೆಮಾಡಿದ್ದೀರಿ. “ನಾನು ಬೇಡ ಅಂದೆ” ಎಂದು ಬರೆಯಲು ಸಂಕೋಚ ಇರಬಹುದು. ಆದರೂ ಬರೆಯಿರಿ.

ತಿದ್ದುವ ಭಾಗ ಇನ್ನೂ ಬೆಳೆಯಬೇಕು. ಬಣ್ಣ ತುಂಬಿದ ಶಾಟ್ ಬಂದ ಮೇಲೆ ಪಾತ್ರ ಎಡಗಡೆಯಿಂದ ಬರಬೇಕಿತ್ತು ಅಂದರೆ, ಅದು ಗೋಡೆಗೆ ಬಣ್ಣ ಹೊಡೆದಾದ ಮೇಲೆ ಕಿಟಕಿ ಜಾಗ ಬದಲಿಸಿ ಎಂದ ಹಾಗೆ. ಸಂಬಳದವರು ಗೊಣಗಿಕೊಂಡು ಮಾಡುತ್ತಾರೆ, ಸ್ವಯಂಸೇವಕರು ಎದ್ದು ಹೋಗುತ್ತಾರೆ. ಅದಕ್ಕೇ ಅನುಭವಸ್ಥರು ಮೊದಲು ಅನಿಮ್ಯಾಟಿಕ್ (ಕರಡು ಚಿತ್ರಗಳನ್ನು ಸಮಯಕ್ಕೆ ಹೊಂದಿಸಿ ಜೋಡಿಸಿದ ವಿಡಿಯೊ) ಗಟ್ಟಿ ಮಾಡಿಕೊಂಡು, ರಫ್ ಹಂತದಲ್ಲೇ ಹೇಳಬೇಕಾದ್ದೆಲ್ಲ ಹೇಳಿ ಮುಗಿಸುತ್ತಾರೆ. ರಫ್‌ಗೆ ಬೇರೆಯೇ ಗಡುವು ಇಡುತ್ತಾರೆ. ಅದು ದಾಟಿದರೆ ಶಾಟ್ ವಾಪಸ್ ಬರುತ್ತದೆ ಎಂದು ಸೇರುವಾಗಲೇ ತಿಳಿಸಿರುತ್ತಾರೆ. ಹಾಡೊಂದನ್ನು ತುಂಡು ಮಾಡಿ ಹಂಚಿಕೊಳ್ಳುವ ಅಭಿಮಾನಿ ಅನಿಮೇಟರ್‌ಗಳು ತಮ್ಮ ‘ಮ್ಯಾಪ್’ಗಳಲ್ಲಿ (ಮಲ್ಟಿ ಅನಿಮೇಟರ್ ಪ್ರಾಜೆಕ್ಟ್, ಹಲವರು ಸೇರಿ ಮಾಡುವ ಅನಿಮೇಷನ್) ಬ್ಯಾಕಪ್ ಕಲಾವಿದರನ್ನು ಮೊದಲೇ ಹೆಸರಿಸಿ ಇಡುವುದೂ ಇದಕ್ಕೇ. ನಿಮ್ಮಲ್ಲಿ ಅಂಥ ನಿಯಮ ಇತ್ತೇ? ಇಲ್ಲದಿದ್ದರೆ 38ನೇ ಶಾಟ್ ಯಾಕೆ ಕಳೆದುಹೋಯಿತು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಸೆಕೆಂಡಿಗೆ 24ರ ಬದಲು 30 ಫ್ರೇಮಿನಲ್ಲಿ ಮಾಡಿ ಕಳಿಸಿದ ಕಲಾವಿದರ ವಿಷಯವನ್ನು ತಮಾಷೆಯಾಗಿ ಒಂದೇ ಸಾಲಿನಲ್ಲಿ ದಾಟಿದ್ದೀರಿ. ಅಲ್ಲಿ ಸ್ವಲ್ಪ ನಿಲ್ಲಿ. ಅದನ್ನು 24ಕ್ಕೆ ಇಳಿಸಿದರೆ ಐದರಲ್ಲಿ ಒಂದು ಫ್ರೇಮ್ ಹೋಗುತ್ತದೆ, ನಡಿಗೆ ತಡವರಿಸುತ್ತದೆ. ತಪ್ಪು ಅವರದೋ, ಶುರುವಿನಲ್ಲೇ ಬರೆದು ಕೊಡದ ನಿಮ್ಮದೋ? ಫ್ರೇಮ್ ರೇಟ್, ರೆಸಲ್ಯೂಷನ್, ಫೈಲಿನ ಹೆಸರು, ಹಿನ್ನೆಲೆ ಪಾರದರ್ಶಕವಾಗಿ ಬೇಕೋ ಬೇಡವೋ, ಇಷ್ಟು ಒಂದು ಪುಟದಲ್ಲಿ ಹಿಡಿಸುತ್ತದೆ. ಇಂಥ ಕೆಲಸಕ್ಕೆ ಇಳಿಯುವ ಓದುಗರಿಗೆ ನಿಮ್ಮ ಲೇಖನದಿಂದ ನಿಜಕ್ಕೂ ಉಪಯೋಗ ಆಗುವುದು ಈ ಪುಟವೇ.

ಒಂದು ಸಾಲನ್ನು ಮಾತ್ರ ನಾನು ಯಾವ ಕಾರಣಕ್ಕೂ ಬಿಡುವುದಿಲ್ಲ: “ಲಾಭಕ್ಕಾಗಿ ಅಲ್ಲದ್ದರಿಂದ ಕಾನೂನಿನ ತೊಡಕಿಲ್ಲ.” ಇದು ತಪ್ಪು. ದುಡ್ಡು ಮಾಡಲಿಲ್ಲ ಎಂದ ಮಾತ್ರಕ್ಕೆ ಪಾತ್ರಗಳ ಹಕ್ಕು ನಿಮಗೆ ಬರುವುದಿಲ್ಲ. ಕೆಲವು ಮಾಲೀಕರು ಕಂಡೂ ಕಾಣದಂತೆ ಇರುತ್ತಾರೆ, ಕೆಲವರು ನಿಯಮ ಬರೆದಿಡುತ್ತಾರೆ. ಅಮೆರಿಕದ ‘ಸ್ಟಾರ್ ಟ್ರೆಕ್’ ಸರಣಿಯ ಹಕ್ಕುದಾರರು 2016ರಲ್ಲಿ ಅಭಿಮಾನಿ ಚಿತ್ರಗಳಿಗೆ ಇಟ್ಟ ನಿಯಮ ನೋಡಿ: ಒಂದು ಕಥೆ 15 ನಿಮಿಷ ದಾಟಬಾರದು, ಎರಡು ಭಾಗ ಮಾಡಿದರೂ ಒಟ್ಟು 30 ನಿಮಿಷ ಮೀರಬಾರದು, ಜನರಿಂದ ಎತ್ತುವ ಹಣ 50,000 ಡಾಲರ್ ಮೀರಬಾರದು, ಕೆಲಸ ಮಾಡಿದ ಯಾರಿಗೂ ಸಂಬಳ ಕೊಡಬಾರದು. ನಿಮ್ಮ ಸರಣಿಯ ಮಾಲೀಕರು ಏನು ಹೇಳಿದ್ದಾರೆ ಎಂದು ಹುಡುಕಿ ಬರೆಯಿರಿ. ಹಾಡು ಬಳಸಿದ್ದರೆ ಅದರ ಹಕ್ಕಿನ ಕಥೆಯೇ ಬೇರೆ. ನಿಮ್ಮ ನಲವತ್ತು ಜನರ ಒಪ್ಪಿಗೆ ಬರಹದಲ್ಲಿ ಇದೆಯೇ? ಜಗಳವಾಡಿ ಹೋದ ಒಬ್ಬರು “ನನ್ನ ಚಿತ್ರ ತೆಗೆಯಿರಿ” ಅಂದರೆ ಏನು ಮಾಡುತ್ತಿದ್ದಿರಿ?

“ಅವಿಸ್ಮರಣೀಯ” ನಾಲ್ಕು ಸಲ ಇದೆ. ನಾಲ್ಕನ್ನೂ ತೆಗೆಯಿರಿ. ಕೊನೆಯಲ್ಲಿ ಧನ್ಯವಾದದ ಒಂದೂವರೆ ಪುಟ ಚಿತ್ರದ ಕ್ರೆಡಿಟ್‌ನಲ್ಲಿ ಇರಲಿ, ಇಲ್ಲಿ ಬೇಡ. ಅರ್ಧ ಕೆಲಸ ಮಾಡಿ ಹೋದವರ ಹೆಸರನ್ನು ಕ್ರೆಡಿಟ್‌ನಲ್ಲಿ ಹಾಕಿದಿರಾ ಎಂದು ತಿಳಿಯುವ ಕುತೂಹಲ ಮಾತ್ರ ನನಗಿದೆ.

ಮತ್ತೆ ಬರೆದು ಕಳಿಸಿ, 1,200 ಪದಕ್ಕೆ ನಿಲ್ಲಿಸಿ. ತಂಡದವರ ಬಗ್ಗೆ ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಿ. ಬೇಡ ಅಂದವರ ಹೆಸರು ಬಿಡಿ. ಪೋಸ್ಟರ್ ಕಳಿಸಬೇಡಿ. ನಿಮ್ಮ ಶಾಟ್ ಪಟ್ಟಿಯ ಒಂದು ಪುಟ ಕಳಿಸಿ, ಹೆಸರುಗಳನ್ನು ಮುಚ್ಚಿ. ಯಾವ ಶಾಟ್, ಎಷ್ಟು ಫ್ರೇಮ್, ಯಾವ ಹಂತ, ಕೊನೆಯ ಸಲ ಉತ್ತರ ಬಂದ ದಿನ, ಇವಿಷ್ಟು ಕಾಣುವಂತಿರಲಿ. ಲೇಖನದ ಜೊತೆ ಅದನ್ನೇ ಅಚ್ಚು ಹಾಕುತ್ತೇವೆ.

ಸಂಪಾದಕ